ಮುಗಿಯದ ಪಾಠವನ್ನು ಮುಗಿಯಿತೆಂದವರು

ನೀವು ನನ್ನ ಅಕ್ಕನಿಗೆ ಸುಳ್ಳು ಹೇಳಿದ್ದೀರಿ. ಪಾಠಕ್ಕೊಂದರಂತೆ ಹೇಳಿದ್ದೀರಿ. ಕಿವಿಯೊಂದನ್ನೇ ನಂಬಿ ಕುಳಿತವಳಿಗೆ, ಇನ್ನೂ ಮುಗಿಯದ ಪಾಠವನ್ನು ಮುಗಿಯಿತೆಂದು ಇಂಪಾದ ದನಿಯಲ್ಲಿ ಸಾರಿದ್ದೀರಿ. ಅವಳು ನಪಾಸಾದಾಗ ಅವಳ ಹೆಸರಿನ ಮುಂದೆ ‘ಶ್ರದ್ಧೆ ಸಾಲದು’ ಎಂದು ಬರೆದಿದ್ದೀರಿ. ಅಂಧ ವಿದ್ಯಾರ್ಥಿಗಳಿಗೆ ದನಿಪುಸ್ತಕ ಒದಗಿಸುವ ಹೊಣೆ ಹೊತ್ತ ಸಮಿತಿಯ ಸದಸ್ಯರೇ, ಅವನ್ನು ನುಡಿಸುವ ಕಂಪ್ಯೂಟರ್ ಪ್ಲೇಯರನ್ನು ಬರೆದುಕೊಟ್ಟ ಗುತ್ತಿಗೆದಾರರೇ, ನನಗೆ ಸಿಟ್ಟು ಬಂದಿರುವುದು ನಿಜ. ಆದರೆ ಸಿಟ್ಟು ಬರುವ ಮೊದಲು ನಾನು ಅಳೆದು ನೋಡಿದ್ದೇನೆ. ಹೇಗೆ ಅಳೆದೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ನಮ್ಮದು ಕಲ್ಲೋಳಿ. ಹೊಲದ ಜೊತೆಗೆ ಒಂದು ಕಿರಾಣಿ ಅಂಗಡಿ. ಮನೆಯಲ್ಲಿ ಕನ್ನಡ, ಅವ್ವನ ತವರಿನವರು ಬಂದರೆ ಮರಾಠಿ. ಅಕ್ಕ ಎಳೆಯವಳಿದ್ದಾಗ ಬಂದ ಜ್ವರವೊಂದು ಅವಳ ಕಣ್ಣನ್ನು ಕಸಿದುಕೊಂಡು ಹೋಯಿತು. ತೊಂಬತ್ತರ ದಶಕದಲ್ಲಿ ಅವಳ ಪುಸ್ತಕವೆಂದರೆ ಅಪ್ಪ ಬೆಳಗಾವಿಯಿಂದ ತಂದ ಟೇಪ್ ರೆಕಾರ್ಡರ್, ಅದಕ್ಕೆ ಓದಿ ತುಂಬಿಸುವವಳೆಂದರೆ ನಾನು. ಅವಳ ಪಾಠಗಳು ನನ್ನ ತರಗತಿಗಿಂತ ಮೇಲಿನವು. ನಾಲಿಗೆಗೆ ನಿಲುಕದ ಪದ ಬಂದರೆ ಕೆಮ್ಮಿ ದಾಟಿಬಿಡುತ್ತಿದ್ದೆ. ಮರುದಿನ ಕ್ಯಾಸೆಟ್ ಕೇಳಿ ಅವಳು ನನ್ನ ಜಡೆ ಹಿಡಿದು ಎಳೆಯುತ್ತಿದ್ದಳು.

“ಇಲ್ಲಿ ಕೆಮ್ಮೀದಿ. ಅಂದ್ರ ಒಂದ್ ಶಬ್ದಾ ನುಂಗಿ. ಹೊರಗ ತಗಿ ಅದನ್ನ.”

“ಕೆಮ್ಮು ಬಂದಿತ್ತವಾ, ಖರೇನ.”

“ಬರೇ ಕಠಿಣ ಶಬ್ದಕ್ಕ ಬರತೈತೇನ ನಿನ್ನ ಕೆಮ್ಮು? ಶಾಣ್ಯಾ ಕೆಮ್ಮು ಐತಿ ಬಿಡು.”

ಪಾಠ ಎಷ್ಟು ಉಳಿದಿದೆ ಎಂದು ಆಗ ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಕ್ಯಾಸೆಟ್ಟನ್ನು ಹೊರತೆಗೆದು, ಅದರ ಹಲ್ಲುಗಾಲಿಗೆ ಕಿರುಬೆರಳು ತೂರಿಸಿ ಮೆಲ್ಲಗೆ ತಿರುವುತ್ತಿದ್ದಳು. ಯಾವ ಸುರುಳಿ ಭಾರ, ಯಾವುದು ಹಗುರ ಎಂಬುದು ಬೆರಳಿಗೆ ತಿಳಿಯುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಊಟಕ್ಕೆ ಕರೆದರೆ ಕೂತಲ್ಲಿಂದಲೇ ಕೂಗುತ್ತಿದ್ದಳು: “ಇನ್ನ ಎರಡ ರೊಟ್ಟಿ ಬಡಿಯೋವಷ್ಟ ಪಾಠ ಐತಿ, ಬಂದೆ.” ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಜೈನರ ಮನೆ ನಮ್ಮದು. ಈ ಅಂದಾಜು ತಪ್ಪಿದರೆ ಉಪವಾಸವೇ ಗತಿ. ಅವಳದು ತಪ್ಪಿದ ನೆನಪಿಲ್ಲ.

ಕೊನೆ ಎಂಬುದರ ಬಗ್ಗೆ ಅವಳಿಗೆ ಇನ್ನೊಂದು ನಂಬಿಕೆಯಿತ್ತು. ಅದು ಬಸದಿಯಿಂದ ಬಂದದ್ದು. ಅಲ್ಲಿ ಶಾಸ್ತ್ರ ಓದುವವರು ಓದಿ, ತಾತ್ಪರ್ಯ ಹೇಳಿ, ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿ ಗಂಟು ಹಾಕುವವರೆಗೆ ಕೇಳುವವರು ಯಾರೂ ಏಳುವುದಿಲ್ಲ. ಆ ವಸ್ತ್ರದ ಸರಭರ ಸದ್ದು ಅವಳಿಗೆ ಎಲ್ಲರಿಗಿಂತ ಮೊದಲು ಕೇಳುತ್ತಿತ್ತು. “ಕಟ್ಟಿದ್ರು, ಏಳು” ಎಂದು ನನ್ನನ್ನು ತಿವಿಯುತ್ತಿದ್ದಳು. ತಾತ್ಪರ್ಯವಿಲ್ಲದೆ, ಕಟ್ಟದೆ ಬಿಟ್ಟ ಓದನ್ನು ಅವಳು ಓದೆಂದೇ ಎಣಿಸುತ್ತಿರಲಿಲ್ಲ.

ನಾನು ಧಾರವಾಡದಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಓದಿಗೆ ಸೇರಿದ ಮೇಲೆ ಅವಳಿಗೆ ಓದಿ ಹೇಳುವವರು ಇಲ್ಲವಾದರು. ಅವಳು ಆಗ ಬಿ.ಎ. ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿದ್ದಳು. ಅದೇ ಸುಮಾರಿಗೆ ಸಮಿತಿಯವರು ಗೋಕಾಕದಲ್ಲಿ ದನಿಪುಸ್ತಕ ಕೇಂದ್ರ ತೆರೆದರು. ಬಸ್ ನಿಲ್ದಾಣದ ಬಾಜೂ ಹಳೆಯ ವಾಚನಾಲಯದ ಹಿಂದಿನ ಕೋಣೆ. ಮೂಡಲಗಿಯಲ್ಲಿ, ಹುಕ್ಕೇರಿಯಲ್ಲಿ ಇಂಥವೇ ಇನ್ನೆರಡು. ಸಿ.ಡಿ.ಗಳಲ್ಲಿ ಪಾಠಗಳು, ಕಂಪ್ಯೂಟರಿನಲ್ಲಿ ಸಮಿತಿಯೇ ಬರೆಸಿದ ಪ್ಲೇಯರ್. ಒಂದು ಕೀಲಿ ಒತ್ತಿದರೆ ಪಾಠ ನಿಲ್ಲುತ್ತಿತ್ತು. ಇನ್ನೊಂದನ್ನು ಒತ್ತಿದರೆ ಒಟ್ಟು ಅವಧಿ ಎಷ್ಟು, ಈಗ ಎಷ್ಟನೇ ನಿಮಿಷದಲ್ಲಿದ್ದೀರಿ ಎಂದು ಹೆಣ್ಣುದನಿಯೊಂದು ಹೇಳುತ್ತಿತ್ತು. ಅಕ್ಕ ಧಾರವಾಡಕ್ಕೆ ಫೋನು ಮಾಡಿ ಹೇಳಿದಳು: “ಇನ್ನ ಬೆರಳ ತೂರಸೂದ ಬ್ಯಾಡ ನೋಡು. ಅದ ಬಾಯಿಬಿಟ್ಟ ಹೇಳತೈತಿ.”

ಆ ಪಾಠಗಳಿಗೆ ನಮ್ಮವರೇ ಒಂದು ಸೊಗಸು ಸೇರಿಸಿದ್ದರು. ನಮ್ಮ ಕಡೆ ಪೇಟಿಯ, ಅಂದರೆ ಹಾರ್ಮೋನಿಯಂನ, ದನಿಯಿಲ್ಲದೆ ಯಾವುದೂ ಸುರುವಾಗುವುದಿಲ್ಲ, ಬಯಲಾಟವಿರಲಿ, ಸಾಲಿಯ ಗ್ಯಾದರಿಂಗ್ ಇರಲಿ. ಹಾಗಾಗಿ ಕೇಂದ್ರದ ಉತ್ಸಾಹಿಗಳು ಕುಲಗೋಡದ ಬಯಲಾಟದ ಮೇಳದಲ್ಲಿ ಕಾಲುಪೇಟಿ ನುಡಿಸುವವರೊಬ್ಬರನ್ನು ಕರೆಸಿ, ತಾಳದವರನ್ನೂ ಕೂಡಿಸಿ, ಚಿಕ್ಕದೊಂದು ಮುನ್ನುಡಿ ಬಾರಿಸಿಕೊಂಡು ಪ್ರತಿ ಪಾಠದ ತಲೆಗೆ ಜೋಡಿಸಿದರು. ಪೇಟಿ ಮೊಳಗಬೇಕು ಎಂದು ಆ ಭಾಗವನ್ನು ದಟ್ಟವಾದ ಗುಣಮಟ್ಟದಲ್ಲಿ, ಸಿ.ಡಿ.ಯಲ್ಲಿ ಹೆಚ್ಚು ಜಾಗ ಹಿಡಿಯುವಂತೆ, ತುಂಬಿಸಿದ್ದರು. ಮಾತಿಗೆ ಅಷ್ಟು ಬೇಕಿಲ್ಲವೆಂದು ಪಾಠವನ್ನು ತೆಳುವಾಗಿ ತುಂಬಿಸಿದ್ದರು. ಈ ವಿವರವನ್ನು ನೆನಪಿನಲ್ಲಿಡಿ.

ಇತಿಹಾಸದ ಪಾಠಗಳನ್ನು ಓದಿದವರು ಹುಕ್ಕೇರಿಯ ನಿವೃತ್ತ ಕನ್ನಡ ಶಿಕ್ಷಕಿ. ಊರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಅವರ ದನಿ ಅಕ್ಕನಿಗೆ ಮೊದಲ ದಿನವೇ ಹಿಡಿಸಿತು. ಆದರೆ ಕೆಲವೇ ವಾರಗಳಲ್ಲಿ ಅವಳು ಕಸಿವಿಸಿಗೊಂಡಳು. ಪಾಠ ಎಲ್ಲೋ ನಡುವಿನಲ್ಲಿ ದೂರ ಸರಿದಂತೆ ಮೆಲ್ಲಗೆ ಕ್ಷೀಣಿಸುತ್ತಿತ್ತು. ಕೂಡಲೇ ಆ ಹೆಣ್ಣುದನಿ ಹೇಳುತ್ತಿತ್ತು: ‘ಪಾಠ ಮುಗಿಯಿತು. ಧನ್ಯವಾದ.’ ಒಟ್ಟು ಅವಧಿಯ ಕೀಲಿ ಒತ್ತಿದರೆ ಲೆಕ್ಕವೂ ಸರಿಯಾಗಿಯೇ ಹೊಂದುತ್ತಿತ್ತು. ಇಷ್ಟು ನಿಮಿಷದ ಪಾಠ, ಇಷ್ಟೂ ನಿಮಿಷ ಕೇಳಿದ್ದೀರಿ.

ಅವಳು ಕೇಂದ್ರದ ವ್ಯವಸ್ಥಾಪಕರಲ್ಲಿ ದೂರಿದಳು. ಆ ಸಂಭಾಷಣೆಯನ್ನು ಅವಳು ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾಳೆಂದರೆ, ನಾನೇ ಅಲ್ಲಿ ನಿಂತಿದ್ದೆನೇನೋ ಅನಿಸುತ್ತದೆ.

“ಸರ, ಪಾಠ ನಡುವ ತೇಲಿ ಹೊಕ್ಕೈತ್ರಿ.”

“ಓದಾವ್ರಿಗೂ ವಯಸ್ಸಾಗೈತಿ ತಂಗಿ. ದಣದಿರತಾರ, ನಿಲ್ಲಸ್ತಾರ.”

“ದಣದಾವ್ರು ‘ಯಾಕಂದರೆ’ ಅಂದು ನಿಲ್ಲಸ್ತಾರೇನ್ರಿ?”

“ನೀ ವಕೀಲಕಿ ಆಗಬೇಕಿತ್ತ ನೋಡು” ಎಂದು ಅವರು ನಕ್ಕರಂತೆ. ನಕ್ಕು, ಎದ್ದು, ಚಹಾಕ್ಕೆ ಹೋದರಂತೆ.

ಪರೀಕ್ಷೆ ಬಂತು. ಅವಳು ಹೇಳಿದ್ದನ್ನು ಬರೆಯಲು ಕಾಲೇಜಿನ ಹುಡುಗಿಯೊಬ್ಬಳನ್ನು ಕೊಟ್ಟಿದ್ದರು. ಅಕ್ಕ ಒಂದೊಂದು ಯುದ್ಧದ, ಒಂದೊಂದು ಒಡಂಬಡಿಕೆಯ ಕಾರಣಗಳನ್ನು ಬಿಡಿಸಿ ಬಿಡಿಸಿ ಹೇಳಿದಳು. ಆ ಹುಡುಗಿ ಪೆನ್ನು ಹಿಡಿದು ಕಾದಳು. “ಅಕ್ಕಾರ, ಕಾರಣಾ ಎಲ್ಲಾ ಬರದೇನ್ರಿ. ಪರಿಣಾಮಾ ಹೇಳ್ರಿ.” ಹೇಳಲು ಅಕ್ಕನಲ್ಲಿ ಪರಿಣಾಮಗಳಿರಲಿಲ್ಲ. ಅವಳಿಗೆ ಗೊತ್ತಿದ್ದ ಇತಿಹಾಸದಲ್ಲಿ ಯುದ್ಧಗಳೆಲ್ಲ ಸುರುವಾಗಿದ್ದವು, ಒಂದೂ ಮುಗಿದಿರಲಿಲ್ಲ. ಯಾವ ರಾಜನೂ ಸತ್ತಿರಲಿಲ್ಲ.

ಉಳಿದ ವಿಷಯಗಳು ಪಾಸಾದವು, ಹೇಗೋ. ಇತಿಹಾಸ ಹೋಯಿತು. ಬಿ.ಎ. ಕೈಗೆ ಬಂದಿದ್ದರೆ ಅವಳು ಶಿಕ್ಷಕಿಯ ತರಬೇತಿಗೆ ಅರ್ಜಿ ಹಾಕುವವಳಿದ್ದಳು. ಅವಳಿಗೆ ಬೇಕಿದ್ದದ್ದು ಅದೊಂದೇ: ತರಗತಿಯಲ್ಲಿ ನಿಂತು ಪಾಠ ಮಾಡುವುದು. ಮರುಪರೀಕ್ಷೆ ಕಟ್ಟಲು ಮತ್ತೆ ಕೇಂದ್ರಕ್ಕೆ ಹೋದಾಗ, ಅವಳ ದಾಖಲೆಯಲ್ಲಿ ‘ಶ್ರದ್ಧೆ ಸಾಲದು’ ಎಂದಿದೆ, ಕಂಪ್ಯೂಟರಿನ ಸಮಯ ಹೊಸಬರಿಗೆ ಹಂಚಿಯಾಗಿದೆ ಎಂದರು. ಇದನ್ನು ಹೇಳಿದವರು ಅದೇ ವ್ಯವಸ್ಥಾಪಕರು. ಈ ಸಲ ನಗಲಿಲ್ಲವಂತೆ.

ನಾನು ಓದು ಮುಗಿಸಿ ಊರಿಗೆ ಬಂದದ್ದು ಆ ಹೊತ್ತಿಗೆ. ಅಕ್ಕ ಅಳಲಿಲ್ಲ. “ಹುಕ್ಕೇರಿಗೆ ಕರಕೊಂಡ ಹೋಗು. ಆ ಖಾಲಾಗ ಒಂದ ಮಾತ ಕೇಳೂದೈತಿ” ಎಂದಳು. ಗೋಕಾಕಕ್ಕೆ ಹೋಗಿ, ಬಸ್ಸು ಬದಲಿಸಿ, ಹುಕ್ಕೇರಿಯಲ್ಲಿ ಇಳಿದು ಮನೆ ಹುಡುಕಿದೆವು. ಖಾಲಾ ಬಾಗಿಲಲ್ಲೇ ಕೈಹಿಡಿದು ಒಳಗೆ ಕೂಡಿಸಿದರು. ಅಕ್ಕ ನೀರನ್ನೂ ಮುಟ್ಟದೆ ಕೇಳಿದಳು:

“ಟೀಚರ್, ನಡುವ ಯಾಕ ಬಿಟ್ರಿ ನನ್ನ?”

ಖಾಲಾ ದನಿ ಏರಿಸಿದರು. “ನೀನೂ ಅದನ್ನ ಅಂತೀ ಏನವಾ? ಆ ಕೇಂದ್ರದಾವ್ರೂ ಅದನ್ನ ಅಂದ್ರು. ‘ನಿಮ್ಮ ಪಾಠ ಅರ್ಧಕ್ಕ ನಿಲ್ಲತಾವ ಅಂತ ದೂರ ಬಂದೈತ್ರಿ, ಇನ್ನ ಓದೂದ ಬ್ಯಾಡ್ರಿ’ ಅಂತ. ನೌಕರಿ ಇರೋತನಕಾ ಗಂಟಿ ಹೊಡದ್ರೂ ಪಾಠ ಬಿಟ್ಟಾಕಿ ಅಲ್ಲ ನಾ. ಹುಡುಗೂರು ನನಗ ‘ಗಂಟಿ ನುಂಗೂ ಬಾಯಿ’ ಅಂತ ಹೆಸರ ಇಟ್ಟಿದ್ರು, ಗೊತ್ತೈತೇನ? ಪಾಠದ ಸಾರಾ ಯಾವಾಗ್ಲೂ ಕಡೀಕ ಇಡಾಕಿ ನಾ. ಮೊದಲ ಹೇಳಿದ್ರ ಹುಡುಗೂರು ಕಿಟಕಿ ನೋಡಾಕ ಸುರು ಮಾಡತಾವ.”

“ಹಂಗಾರ ‘ಯಾಕಂದರೆ’ ಆದಮ್ಯಾಲ ಏನಿತ್ರಿ?”

ಯಾವ ಪಾಠ ಎಂದು ಕೇಳಿಕೊಂಡು, ಖಾಲಾ ಕೂತಲ್ಲೇ ನೆನಪಿನಿಂದ ಆ ವಾಕ್ಯವನ್ನು ಎತ್ತಿಕೊಂಡರು. ರೆಕಾರ್ಡಿಂಗಿನಲ್ಲಿ ಓದಿದ ಅದೇ ಧಾಟಿಯಲ್ಲಿ ಕೊನೆಯವರೆಗೆ ಹೇಳಿದರು. ಅಕ್ಕ ಮುಂದಕ್ಕೆ ಬಾಗಿ ಕೇಳಿದಳು.

“ಅಂದ್ರ ಆ ರಾಜಾ ಸೋತ?”

“ಸೋತದ್ದಕ್ಕನ ಆ ಪಾಠ ಐತವಾ, ಹುಚ್ಚಿ.”

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಓದಿದವರು ಪೂರ್ತಿ ಓದಿದ್ದಾರೆ, ಕೇಳಿದವಳು ಪೂರ್ತಿ ಕೇಳಿದ್ದಾಳೆ. ಹಾಗಾದರೆ ಪಾಠವನ್ನು ಕತ್ತರಿಸಿದವರು ಇವರಿಬ್ಬರ ನಡುವೆ ಇದ್ದಾರೆ. ಓದಿದವರಿಗೆ ಗೌರವಾರ್ಥವಾಗಿ ಕೇಂದ್ರವೇ ಕೊಟ್ಟಿದ್ದ ಸಿ.ಡಿ.ಯನ್ನು ಖಾಲಾ ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟರು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತಮ್ಮ ದನಿಯನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ಮೂಡಲಗಿಯಲ್ಲಿ ನನ್ನ ಗೆಳತಿಯೊಬ್ಬಳು ಕಂಪ್ಯೂಟರ್ ತರಗತಿ ನಡೆಸುತ್ತಿದ್ದಳು. ಅಲ್ಲಿ ಕೂತು, ಅಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಾನೇ ಒಂದು ಪುಟ್ಟ ಪ್ಲೇಯರ್ ಬರೆದೆ. ಅದು ಎರಡೇ ಪ್ರಶ್ನೆ ಕೇಳಬೇಕಿತ್ತು. ಈ ಪಾಠದ ಉದ್ದ ಎಷ್ಟು? ಈಗ ದನಿ ಎಲ್ಲಿದೆ? ಮೊದಲ ಸಲ ಉದ್ದ ಸೊನ್ನೆ ಎಂದು ಬಂತು. ಓದಿ ಹೇಳಿದೆ.

“ಭಾಳ ಛಲೋ ಆತು” ಎಂದಳು ಅಕ್ಕ. “ಅವರದು ಅರ್ಧಾ ಪಾಠಾ ತಿಂತಿತ್ತು. ನಿಂದು ಪೂರಾ ನುಂಗೇತಿ. ಧಾರವಾಡದ ಡಿಗ್ರಿ ಅಂದ್ರ ಸಣ್ಣದೇನ?”

ಪ್ಲೇಯರ್ ಕಡತವನ್ನು ತೆರೆಯುವ ಮುನ್ನವೇ ನಾನು ಉದ್ದ ಕೇಳಿದ್ದೆ. ತೆರೆದಾಯಿತು ಎಂಬ ಸೂಚನೆ ಬರುವತನಕ ಕಾಯುವಂತೆ ತಿದ್ದಿದೆ. ಆಗ ಒಂದು ಅಂಕಿ ಬಂತು. ಕೇಂದ್ರದ ಹೆಣ್ಣುದನಿ ಹೇಳುತ್ತಿದ್ದ ಅದೇ ಅಂಕಿ. ಆದರೆ ನನ್ನ ಪ್ಲೇಯರಿಗೆ ಅಲ್ಲಿ ನಿಲ್ಲಬೇಕೆಂದು ನಾನು ಹೇಳಿರಲಿಲ್ಲ. ದನಿ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಅದನ್ನೇ ಕೇಳುತ್ತ, ಪರದೆಯ ಮೇಲೆ ಬರೆಯಿಸುತ್ತ ಕೂತೆ. ಖಾಲಾ ‘ಯಾಕಂದರೆ’ ಎಂದರು. ಸ್ಥಾನ ಉದ್ದವನ್ನು ಮುಟ್ಟಿತು. ಮುಟ್ಟಿ ದಾಟಿತು. ಉದ್ದಕ್ಕಿಂತ ದೊಡ್ಡದಾದ ಸ್ಥಾನ ಎಂಬುದು ಇರುವಂತಿಲ್ಲ, ಆದರೂ ಎದುರಿಗೇ ಇತ್ತು. ಖಾಲಾ ಓದುತ್ತಲೇ ಇದ್ದರು. ಗೆಳತಿಯ ತರಗತಿಯ ಹುಡುಗಿಯರು ಕೀಲಿಮಣೆ ಬಿಟ್ಟು ನಮ್ಮ ಕಡೆ ತಿರುಗಿದರು. ನನ್ನ ಮುಂಗೈ ಹಿಡಿದ ಅಕ್ಕ ಪಾಠ ಮುಗಿದ ಮೇಲೂ ಬಿಡಲಿಲ್ಲ. ಕೊನೆಯಲ್ಲಿ ಖಾಲಾ ಪುಸ್ತಕ ಮುಚ್ಚಿದ ಸದ್ದು ಕೇಳಿತು.

“ಕಟ್ಟಿದ್ರು” ಎಂದಳು ಅಕ್ಕ.

ಆಮೇಲೆ ಕಡತವನ್ನೇ ಬಿಚ್ಚಿ, ದನಿಯ ಒಂದೊಂದು ತುಣುಕನ್ನೂ ಮೊದಲಿನಿಂದ ಕೊನೆಯವರೆಗೆ ಎಣಿಸಿ ಕೂಡಿಸಿದೆ. ಪಾಠದ ನಿಜವಾದ ಉದ್ದ ಸಿಕ್ಕಿತು. ನಿಮ್ಮ ಪ್ಲೇಯರ್, ಮೊದಲಿಗೆ ನನ್ನದೂ, ಹಾಗೆ ಎಣಿಸುವ ತೊಂದರೆ ತೆಗೆದುಕೊಂಡಿರಲಿಲ್ಲ. ಅದು ಮೊದಲ ತುಣುಕೊಂದರ ದಟ್ಟತೆ ನೋಡಿ, ಇಡೀ ಕಡತ ಹಾಗೇ ಇದೆಯೆಂದು ನಂಬಿ, ಕಡತದ ಗಾತ್ರವನ್ನು ಅದರಿಂದ ಭಾಗಿಸಿ ಉತ್ತರ ಹೇಳುತ್ತಿತ್ತು. ಮೊದಲ ತುಣುಕು ಪೇಟಿಯದು, ದಟ್ಟವಾದದ್ದು. ಆಮೇಲಿನದೆಲ್ಲ ಮಾತು, ತೆಳುವಾದದ್ದು. ಅಷ್ಟೇ ಜಾಗದಲ್ಲಿ ಹೆಚ್ಚು ಹೊತ್ತು ಬಾಳುವಂಥದ್ದು. ಗೋಕಾಕ ಬಿಡುವಾಗ ಬಸ್ಸು ಜೋರಾಗಿ ಓಡಿತೆಂದು, ಮೂಡಲಗಿಗೆ ಇಷ್ಟೇ ಹೊತ್ತು ಎಂದು ಲೆಕ್ಕ ಹಾಕಿದ ಕಂಡಕ್ಟರನೊಬ್ಬ, ಆಮೇಲೆ ಬಸ್ಸು ತೆವಳಿದರೂ ಹೊರಗೆ ನೋಡದೆ, ಗಡಿಯಾರ ನೋಡಿ ಸೀಟಿ ಊದಿ ‘ಮೂಡಲಗಿ ಬಂತು ಇಳೀರಿ’ ಎಂದು ಜನರನ್ನು ಕಬ್ಬಿನ ಗದ್ದೆಯಲ್ಲಿ ಇಳಿಸಿದ ಹಾಗೆ. ಕಣ್ಣಿದ್ದವರು ಜಗಳ ತೆಗೆಯುತ್ತಾರೆ. ಕಣ್ಣಿಲ್ಲದವರನ್ನು ನೀವು ಇಳಿಸಿದಿರಿ, ಧನ್ಯವಾದವನ್ನೂ ಹೇಳಿದಿರಿ. ಖಾಲಾ ಸಾರವನ್ನು ಯಾವತ್ತೂ ಕೊನೆಗೆ ಇಡುವವರಾದ್ದರಿಂದ, ನೀವು ಕತ್ತರಿಸಿದ್ದು ಪ್ರತಿ ಸಲವೂ ಸಾರವನ್ನೇ.

ಪೇಟಿ ತೆಗೆದು ಅಳೆದು ನೋಡಿದೆ. ಲೆಕ್ಕ ಸರಿಬಂತು. ಇಷ್ಟನ್ನೂ ಹೊತ್ತುಕೊಂಡು, ಸಮಿತಿಯ ಸದಸ್ಯರು ಗೋಕಾಕಕ್ಕೆ ಬಂದ ದಿನ ನಾವಿಬ್ಬರೂ ಕೇಂದ್ರಕ್ಕೆ ಹೋದೆವು. ಸದಸ್ಯರೊಬ್ಬರು ಸೌಜನ್ಯದಿಂದಲೇ ಮಾತಾಡಿದರು.

“ನಾವು ಪರೀಕ್ಷೆ ಮಾಡೇ ತಗೊಂಡೇವ್ರಿ. ಆವಾಗ ಸರಿ ಇತ್ತು.”

“ಪೇಟಿ ಕೂಡಿಸಿದ ಮೇಲೆ ಪರೀಕ್ಷಿಸಿದಿರಾ?”

“ಪೇಟಿ ಏನ ಮಾಡತೈತ್ರಿ ಪಾಪ?”

“ಯಾವುದಾದರೂ ಒಂದು ಪಾಠವನ್ನು ಕೊನೆಯವರೆಗೆ ಕೇಳಿದ್ದೀರಾ, ಸರ್?”

ಅವರು ಗಡಿಯಾರ ನೋಡಿಕೊಂಡರು. “ಕಡೀತನಕಾ ಕೂತ ಕೇಳಾಕ ಟೈಮ್ ಎಲ್ಲೈತ್ರೀ ನಮಗ?”

“ನಮಗ ಐತ್ರಿ” ಎಂದಳು ಅಕ್ಕ. “ಅದಕ್ಕ ನಮಗ ಗೊತ್ತಾತು.”

ಗುತ್ತಿಗೆದಾರರಿಗೆ ಫೋನು ಹೋಯಿತು. ಅವರ ಉತ್ತರ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು: ಪೇಟಿ ತೆಗೆದುಬಿಡಿ, ಸರಿಹೋಗುತ್ತದೆ. ಕೋಣೆಯಲ್ಲಿ ತಲೆಗಳು ಆಡಿದವು, ಸಮಸ್ಯೆ ಬಗೆಹರಿಯಿತೆಂಬಂತೆ. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಕುಲಗೋಡದವರ ಪೇಟಿ ತಪ್ಪು ಮಾಡಿಲ್ಲ. ಅಳೆಯದೆ ಊಹಿಸಿದ್ದು, ಊಹಿಸಿದ್ದನ್ನು ಅಳತೆಯೆಂದು ಸಾರಿದ್ದು, ಆ ಸುಳ್ಳು ಅಳತೆಯ ಮೇಲೆ ದನಿಯನ್ನು ಕತ್ತರಿಸಿದ್ದು ತಪ್ಪು. ನಾಳೆ ಇನ್ನಾರೋ ಪಾಠದ ಮೊದಲಿಗೆ ಒಂದು ಪ್ರಾರ್ಥನೆ ಕೂಡಿಸುತ್ತಾರೆ. ಮತ್ತೆ ಅದೇ ಕಥೆ. ‘ಮುಂದಿನ ಆವೃತ್ತಿಯಲ್ಲಿ ನೋಡೋಣ’ ಎಂದು ಸಭೆ ಎದ್ದಿತು. ಅಕ್ಕನ ದಾಖಲೆಯ ಮಾತು ಎತ್ತಿದಾಗ ಬಾಗಿಲ ಬಳಿ ಆಗಲೇ ಚಪ್ಪಲಿ ಮೆಟ್ಟುವ ಸದ್ದಾಗುತ್ತಿತ್ತು.

ಅಂದಿನಿಂದ ಇಂದಿನವರೆಗೆ ಏನೂ ಬದಲಾಗಿಲ್ಲ. ಮೂರೂ ಊರುಗಳ ಕೇಂದ್ರಗಳಲ್ಲಿ ಅದೇ ಪ್ಲೇಯರ್ ಓಡುತ್ತಿದೆ. ಅಕ್ಕ ಈಗ ಮೂಡಲಗಿಯ ತರಗತಿಯಲ್ಲಿ, ಹುಡುಗಿಯರು ಹೋದ ಮೇಲೆ ಉಳಿಯುವ ಬಿಡುವಿನಲ್ಲಿ, ನನ್ನ ಒರಟು ಪ್ಲೇಯರಿನಲ್ಲಿ ಇತಿಹಾಸದ ಕೊನೆಗಳನ್ನು ಕೇಳುತ್ತಿದ್ದಾಳೆ. ಬಸ್ಸಿನಲ್ಲಿ ಮನೆಗೆ ಬರುತ್ತ ಯಾರು ಗೆದ್ದರು, ಯಾರು ಸೋತರು ಎಂದು ನನಗೆ ವರದಿ ಒಪ್ಪಿಸುತ್ತಾಳೆ. ಮರುಪರೀಕ್ಷೆ ಹತ್ತಿರವಿದೆ. ಖಾಲಾ ಕೈಯಲ್ಲಿದ್ದ ಸಿ.ಡಿ. ಒಂದೇ. ಉಳಿದ ಪಾಠಗಳು ನಿಮ್ಮ ಕಪಾಟಿನಲ್ಲಿವೆ.

ಆದ್ದರಿಂದ ಸಮಿತಿಯ ಅಧ್ಯಕ್ಷರಲ್ಲಿಯೂ ಸದಸ್ಯರಲ್ಲಿಯೂ ನಾನು ವಿಧಿವತ್ತಾಗಿ ಕೇಳಿಕೊಳ್ಳುತ್ತಿದ್ದೇನೆ. ಮರುಪರೀಕ್ಷೆಗೆ ಸಾಕಷ್ಟು ಮುಂಚೆ ಇತಿಹಾಸದ ಎಲ್ಲ ಪಾಠಗಳನ್ನೂ ಪೂರ್ತಿಯಾಗಿ ನನ್ನ ಅಕ್ಕನಿಗೆ ಒದಗಿಸಬೇಕು. ಅವಳ ಕಂಪ್ಯೂಟರಿನ ಸಮಯವನ್ನು ಅವಳಿಗೆ ಮರಳಿಸಬೇಕು. ‘ಶ್ರದ್ಧೆ ಸಾಲದು’ ಎಂಬ ಷರಾವನ್ನು ಹೊಡೆದುಹಾಕಿ, ಹೊಡೆದುಹಾಕಿದ ಕಾರಣವನ್ನು ಅದೇ ಪುಟದಲ್ಲಿ ಬರೆದು ಸಹಿ ಮಾಡಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ಪ್ಲೇಯರುಗಳು ಪಾಠದ ಉದ್ದವನ್ನು ಎಣಿಸಿ ತಿಳಿಯುವಂತೆ, ದನಿ ನಿಜವಾಗಿ ಮುಗಿದಾಗ ಮಾತ್ರ ಮುಗಿಯಿತೆಂದು ಹೇಳುವಂತೆ ಗುತ್ತಿಗೆದಾರರಿಂದ ತಿದ್ದಿಸಬೇಕು. ನಾನು ಬರೆದ ಎಣಿಕೆಯ ಸಾಲುಗಳು ಬೇಕಿದ್ದರೆ ಹಾಗೇ ಕೊಡುತ್ತೇನೆ. ಅರ್ಧಕ್ಕೆ ಬಿಟ್ಟವರೆಂಬ ಆರೋಪ ಹೊರಿಸಿದ್ದಕ್ಕೆ ಹುಕ್ಕೇರಿಯ ಶಿಕ್ಷಕಿಯ ಮನೆಗೆ ಹೋಗಿ ಕ್ಷಮೆ ಕೇಳಿ, ಅವರನ್ನು ಮತ್ತೆ ಓದಲು ಕರೆಯಬೇಕು. ಈ ಮೂರು ಕೇಂದ್ರಗಳಲ್ಲಿ ಕೇಳಿ ಪರೀಕ್ಷೆಗೆ ಕೂತ ಇತರರು ಯಾರು, ಅವರು ಯಾವ ಕೊನೆಗಳನ್ನು ಕಳೆದುಕೊಂಡರು ಎಂಬುದನ್ನು ನೀವೇ ಹುಡುಕಿ ಅವರಿಗೆ ತಿಳಿಸಬೇಕು.

ಇದಕ್ಕೆ ನನಗೆ ಉತ್ತರ ಬೇಕು. ಕಾಗದದಲ್ಲಿ ಬರೆದದ್ದನ್ನು ನಾನು ಓದಬಲ್ಲೆ, ಆದರೆ ಉತ್ತರ ಸಲ್ಲಬೇಕಾದದ್ದು ಅಕ್ಕನಿಗೆ. ಹಾಗಾಗಿ ಅದನ್ನು ಸದಸ್ಯರೊಬ್ಬರ ದನಿಯಲ್ಲಿ ಓದಿಸಿ, ತುಂಬಿಸಿ ಕಳಿಸಿ. ಮೊದಲಿಗೆ ಬೇಕಾದರೆ ಪೇಟಿಯನ್ನೂ ಬಾರಿಸಿ. ಕಳಿಸುವ ಮುನ್ನ ನೀವೆಲ್ಲ ಒಂದೆಡೆ ಕೂತು ಅದನ್ನು ಕೊನೆಯವರೆಗೆ ಕೇಳಿ, ಕೇಳಿದ್ದೇವೆಂದು ಸಹಿ ಹಾಕಬೇಕೆಂದು ಕೋರುತ್ತೇನೆ.